ತಕ್ಕಡಿಯ ಋಣ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ನಮ್ಮ ಕಡೆಯ ಹಿರಿಯ ಹೆಂಗಸರು ಇವತ್ತಿಗೂ ಗಟ್ಟಿಯಾಗಿ ಹೇಳುತ್ತಾರೆ. ಅವರನ್ನು ನೋಡಿ ನಗಬೇಕಾಗಿಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಯಿಂದ ಶಿಶುವಿಗೆ, ಶಿಶುವಿನಿಂದ ತಾಯಿಗೆ ಓಡಾಡುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ ಎಂದು ಚರಕ ಸಂಹಿತೆಯಲ್ಲೇ ಇದೆ. ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದು ಬಂದ ಗ್ರೀಕ್ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿಗೆಂದೇ ಒಂದು ಬರಹ ಮೀಸಲಾಗಿದೆ, ಅದರದ್ದೂ ಇದೇ ರಾಗ. ದೊಡ್ಡ ದೊಡ್ಡ ಪಂಡಿತರೇ ಎಡವಿದ ಜಾಗ ಇದು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ, ಎಂಟರ ಕೂಸು ಏಳರದ್ದಕ್ಕಿಂತ ಗಟ್ಟಿಯೇ. ಆದರೂ ತಪ್ಪು ಸಾವಿರಾರು ವರ್ಷ ಬಾಳಿತು, ಯಾಕೆಂದರೆ ಯಾರೂ ಎಣಿಸಿರಲಿಲ್ಲ, ಯಾರೂ ತೂಗಿರಲಿಲ್ಲ. ಬದುಕಿದ ಏಳರ ಕೂಸಿನ ಕತೆ ಊರೆಲ್ಲ ಹಬ್ಬಿತು (ಅದು ದೊಡ್ಡವನಾಗಿ ಎಲ್ಲದಕ್ಕೂ ಅವಸರ ಮಾಡಿದರೆ ‘ಏಳು ತಿಂಗಳಿಗೇ ಹುಟ್ಟಿದವ’ ಎಂಬ ಬಿರುದು ಬೇರೆ). ಬದುಕದೆ ಹೋದವುಗಳ ಕತೆಯನ್ನು ಹೇಳಿಕೊಂಡು ತಿರುಗುವವರು ಇರಲಿಲ್ಲ.

ಕೂಸನ್ನು ದಿನಾ ತೂಗಿ ಬರೆಯುವ ರೂಢಿ ತೀರಾ ಈಚಿನದು. ಪ್ಯಾರಿಸ್ಸಿನಲ್ಲಿ 1880ರ ಸುಮಾರಿಗೆ ತಾರ್ನಿಯೆ ಎಂಬ ಪ್ರಸೂತಿ ವೈದ್ಯ ಕೋಳಿಮರಿ ಮಾಡಿಸುವ ಕಾವುಪೆಟ್ಟಿಗೆಯನ್ನು ಕಂಡು ಕೂಸುಗಳಿಗೂ ಅಂಥದೊಂದನ್ನು ಮಾಡಿಸಿದ. ಅವನ ಶಿಷ್ಯ ಬ್ಯೂದಾಂ ಪೆಟ್ಟಿಗೆಯ ಜೊತೆಗೆ ತಕ್ಕಡಿಯನ್ನೂ ತಂದಿಟ್ಟ. ಶಾಖ, ಹಾಲು, ಸೋಂಕಿನಿಂದ ಕಾವಲು, ಈ ಮೂರರಲ್ಲಿ ಯಾವುದು ತಪ್ಪಿದರೂ ತೂಕದ ಗೆರೆಯಲ್ಲಿ ಕಾಣುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. 1900ರಲ್ಲಿ ಉಪನ್ಯಾಸಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡಿದಾಗ ಇನ್ನೊಂದು ಮಾತನ್ನೂ ಸೇರಿಸಿದ: ಕೂಸನ್ನು ತಾಯಿಯಿಂದ ಬಹಳ ದಿನ ಬೇರೆ ಇಟ್ಟರೆ ತಾಯಿಯ ಮನಸ್ಸೂ ದೂರವಾಗುತ್ತದೆ. ತಕ್ಕಡಿ ಜಗತ್ತನ್ನೆಲ್ಲ ಸುತ್ತಿತು. ಎರಡನೆಯ ಮಾತು ಕೇಳಿಸಲು ಇನ್ನೂ ಎಂಬತ್ತು ವರ್ಷ ಬೇಕಾಯಿತು.

ಈಗ ನಮ್ಮ ಕಡೆಗೆ ಬರೋಣ. ಬೀದರ್ ಜಿಲ್ಲೆಯ ಹುಮನಾಬಾದ್ ಕೂಡುರಸ್ತೆಯ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಇಲ್ಲಿ ಹಾದು ಹೋಗುತ್ತದೆ, ಬೀದರ್–ಕಲಬುರಗಿ ರಸ್ತೆ ಅದನ್ನು ಅಡ್ಡಕ್ಕೆ ಕತ್ತರಿಸುತ್ತದೆ, ಈಗ ರೈಲೂ ಓಡಾಡುತ್ತಿದೆ. ಎತ್ತ ಬೇಕಾದರೂ ಹೋಗಬಹುದಾದ ಊರು. ಆದರೆ ಎಂಟೊಂಬತ್ತು ವಾರ ಮುಂಚೆ ಹುಟ್ಟಿದ, 1,200 ಗ್ರಾಮಿನ ಕೂಸಿಗೆ ಇರುವ ದಾರಿ ಎರಡೇ. ಒಂದೋ 50 ಕಿ.ಮೀ. ಆಸುಪಾಸಿನ ಬೀದರ್, ಇಲ್ಲವೇ 60ರ ಆಸುಪಾಸಿನ ಕಲಬುರಗಿ. ಸರ್ಕಾರದ ಏರ್ಪಾಟೂ ಹಾಗೇ ಇದೆ. ಹೆರಿಗೆ ಕೋಣೆಯಲ್ಲಿ ಶಿಶು ಆರೈಕೆಯ ಒಂದು ಮೂಲೆ, ತಾಲ್ಲೂಕು ಮಟ್ಟದಲ್ಲಿ ಕೂಸಿನ ಉಸಿರು–ಶಾಖ ಹಿಡಿದಿಡಲು ನಾಲ್ಕು ಹಾಸಿಗೆಯ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ 12 ಅಥವಾ ಅದಕ್ಕೂ ಹೆಚ್ಚು ಹಾಸಿಗೆಯ ವಿಶೇಷ ನವಜಾತ ಶಿಶು ಘಟಕ. ಇದನ್ನೇ ಎಸ್‌ಎನ್‌ಸಿಯು ಎಂದರೆ ಈಗ ಹಳ್ಳಿಯವರಿಗೂ ಗೊತ್ತಾಗುತ್ತದೆ. ಗೊತ್ತಾಗದವರಿಗೆ ಇನ್ನೂ ಸರಳ ಮಾತಿದೆ: “ಕೂಸಿಗಿ ಕಾಚಿನ ಪೆಟಗ್ಯಾಗ ಇಟ್ಟಾರ.”

ಆ ಘಟಕದ ಬಾಗಿಲಲ್ಲಿ ಬೆಳಗ್ಗೆ ಕೇಳಿಬರುವ ಪ್ರಶ್ನೆ ಒಂದೇ. “ಇವತ್ತ ಎಷ್ಟ ಆಯ್ತ್ರೀ ಸಿಸ್ಟರ್?” ಕೂಸು ಹೇಗಿದೆ ಎಂದು ಕೇಳುವುದು ಮೊದಲೆರಡು ದಿನ ಮಾತ್ರ. ಆಮೇಲೆ ಎಲ್ಲರೂ ಅಂಕಿಗೆ ಹೊಂದಿಕೊಂಡುಬಿಡುತ್ತಾರೆ. ಅಜ್ಜಿ ಕೂಡ ಗ್ರಾಮಿನಲ್ಲಿ ಮಾತಾಡಲು ಕಲಿಯುತ್ತಾಳೆ.

ಒಳಗೆ ನಡೆಯುವುದು ಇಷ್ಟು. ದಿನವೂ ಅದೇ ಹೊತ್ತಿಗೆ, ಹಾಲು ಕೊಡುವ ಮೊದಲು, ಮೈಮೇಲಿನ ಬಟ್ಟೆ ತೆಗೆದು, ಅದೇ ತಕ್ಕಡಿಯ ಮೇಲೆ ಬೆಚ್ಚನೆಯ ಬಟ್ಟೆ ಹಾಸಿ, ಆ ಬಟ್ಟೆಯ ಭಾರವನ್ನು ಸೊನ್ನೆ ಮಾಡಿ ಕೂಸನ್ನು ಮಲಗಿಸುತ್ತಾರೆ. ಕೈಗೆ ಸಲಾಯಿನ್ ಪಟ್ಟಿ ಕಟ್ಟಿದ್ದರೆ ಅದನ್ನೂ ಬರೆದಿಡಬೇಕು, ಇಲ್ಲದಿದ್ದರೆ ಪಟ್ಟಿ ಬಿಚ್ಚಿದ ದಿನ ಕೂಸು ಸೊರಗಿದಂತೆ ಕಾಣುತ್ತದೆ. ವಾರಕ್ಕೊಮ್ಮೆ ಟೇಪಿನಿಂದ ತಲೆಯ ಸುತ್ತಳತೆ, ಅಳತೆ ಹಲಗೆಯ ಮೇಲೆ ಉದ್ದ. ಉದ್ದ ವಾರಕ್ಕೆ ಸುಮಾರು ಒಂದು ಸೆಂ.ಮೀ. ಬೆಳೆಯಬೇಕು, ತಲೆ ಅರ್ಧದಿಂದ ಒಂದು ಸೆಂ.ಮೀ. ಮಿದುಳು ಬೆಳೆಯುತ್ತಿದೆಯೇ ಎಂದು ಒಂದು ಟೇಪು ಹೇಳಬಲ್ಲದು ಎಂಬುದನ್ನು ಯೋಚಿಸಿದರೆ ಈಗಲೂ ನನಗೆ ಸೋಜಿಗ.

ಮೊದಲ ವಾರ ತೂಕ ಇಳಿಯುತ್ತದೆ. ತಿಂಗಳು ತುಂಬಿ ಹುಟ್ಟಿದ್ದೂ ಇಳಿಯುತ್ತದೆ, ಮುಂಚೆ ಬಂದದ್ದು ನೂರಕ್ಕೆ 10ರಿಂದ 15ರಷ್ಟು ಕಳೆದುಕೊಳ್ಳಬಹುದು. ಹೋಗುವುದು ಹೆಚ್ಚಾಗಿ ನೀರು. 1,200 ಇದ್ದದ್ದು 1,050ಕ್ಕೆ ಬಂದರೂ, ಉಳಿದದ್ದೆಲ್ಲ ಸರಿಯಿದ್ದರೆ ವೈದ್ಯರು ಗಾಬರಿಯಾಗುವುದಿಲ್ಲ. 10ರಿಂದ 14 ದಿನಗಳೊಳಗೆ ಹುಟ್ಟಿದ ತೂಕಕ್ಕೆ ಮರಳಿತೇ ಎಂದು ನೋಡುತ್ತಾರೆ. ಅಲ್ಲಿಂದ ಮುಂದೆ ದಿನಕ್ಕೆ, ಕಿಲೋಗೆ 15ರಿಂದ 20 ಗ್ರಾಂ ಏರಬೇಕು. ಒಂದು ಕಿಲೋದ ಕೂಸು ದಿನವೊಂದಕ್ಕೆ ಎರಡು ಹತ್ತು ರೂಪಾಯಿ ನಾಣ್ಯದಷ್ಟು ಭಾರವಾದರೆ ಸಾಕು, ಅದು ತನ್ನ ಕೆಲಸ ಮಾಡಿದಂತೆ.

ಆದರೆ ತೂಕ ಇಳಿಯುವ ಆ ದಿನಗಳು ತಾಯಿಗೆ ಹಾಲು ಇನ್ನೂ ಸರಿಯಾಗಿ ಇಳಿಯದ ದಿನಗಳೂ ಹೌದು. ಅವಳು ಎರಡನ್ನೂ ಕೂಡಿಸಿ ತಾನೇ ತೀರ್ಪು ಕೊಟ್ಟುಕೊಳ್ಳುತ್ತಾಳೆ. “ನನ್ನ ಎದಿಯಾಗೇ ಹಾಲಿಲ್ಲ, ಅದಕ್ಕ ಕೂಸು ಇಳಿಲಾಕತ್ತದ.” ಪಕ್ಕದಲ್ಲಿದ್ದವರು ಅದನ್ನು ತಿದ್ದುವ ಬದಲು ತಲೆದೂಗುತ್ತಾರೆ. ನೀರಿನ ಲೆಕ್ಕವನ್ನು ಅವಳಿಗೆ ಬಿಡಿಸಿ ಹೇಳಲು ಬೇಕಾಗುವುದು ಎರಡು ನಿಮಿಷ. ಹೇಳದೆ ಬಿಟ್ಟರೆ ಎರಡು ದಿನದಲ್ಲಿ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ, ಚಿಂತೆಯೂ ಹಾಲು ಇಳಿಯುವುದನ್ನು ತಡೆಯುತ್ತದೆ. ಇನ್ನೊಂದು ಕಡೆ, ಒಂದೇ ರಾತ್ರಿಯಲ್ಲಿ 60 ಗ್ರಾಂ ಏರಿದ ಕೂಸನ್ನು ನೋಡಿ ಹೊರಗೆ ಪೇಡೆ ಹಂಚುವ ಮನಸ್ಸಾಗುತ್ತದೆ. ಒಳಗಿನ ಅನುಭವಿ ಸಿಸ್ಟರ್ ಮಾತ್ರ ಕೂಸಿನ ಕಣ್ಣರೆಪ್ಪೆ ಬಾತಿದೆಯೇ, ಮೂತ್ರ ಎಷ್ಟು ಹೋಗಿದೆ ಎಂದು ನೋಡುತ್ತಾಳೆ. ಮೈಗೆ ಹತ್ತಿದ ಹಾಲೂ ಮೈಯಲ್ಲಿ ನಿಂತ ನೀರೂ ತಕ್ಕಡಿಗೆ ಒಂದೇ.

ತಕ್ಕಡಿ ನೋಡಿದವರ ಮೇಲೆ ಒಂದು ಋಣ ಬೀಳುತ್ತದೆ ಎಂದು ನಾನು ತಿಳಿದಿದ್ದೇನೆ. ಅಂಕಿಯನ್ನು ಬರೆದು ಮುಂದಿನ ಹಾಸಿಗೆಗೆ ಹೋಗುವುದು ಸುಲಭ. 1,180, 1,180, 1,185, 1,180 ಎಂದು ನಾಲ್ಕು ದಿನ ದುಂಡಗಿನ ಅಕ್ಷರದಲ್ಲಿ ಬರೆದ ಹಾಳೆಯನ್ನು ಊಹಿಸಿಕೊಳ್ಳಿ. ತಪಾಸಣೆಗೆ ಬಂದವರು ಅದನ್ನು ನೋಡಿ ದಾಖಲೆ ಸರಿಯಾಗಿದೆ ಎಂದು ರುಜು ಹಾಕಬಹುದು. ಕೂಸು ಮಾತ್ರ ನಾಲ್ಕು ದಿನ ಹಸಿದಿದೆ. ಬರೆಯದೆ ಬಿಟ್ಟಿದ್ದರೆ ಗೊತ್ತಿರಲಿಲ್ಲ ಎಂದಾದರೂ ಹೇಳಬಹುದಿತ್ತು. ಬರೆದ ಮೇಲೆ ಆ ನೆಪವೂ ಇಲ್ಲ. ತೂಕ ನಿಂತಿತು ಎಂದರೆ ಕೇಳಬೇಕಾದ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ: ನಿಜವಾಗಿ ಎಷ್ಟು ಮಿ.ಲೀ. ಹೋಯಿತು, ಎಷ್ಟು ಕಕ್ಕಿತು? ಕೊಳವೆಯಲ್ಲಿ ಕೊಟ್ಟ ಹಾಲಿನ ಕೊಬ್ಬು ಸಿರಿಂಜಿನ ಗೋಡೆಗೇ ಅಂಟಿಕೊಂಡಿತೇ? ಕೂಸಿನ ಕಾಲು ತಣ್ಣಗಿದೆಯೇ, ಕುಡಿದದ್ದೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಖರ್ಚಾಗುತ್ತಿದೆಯೇ? ರಕ್ತ ಕಡಿಮೆಯಾಗಿದೆಯೇ, ಸೋಂಕು ಹೊಕ್ಕಿದೆಯೇ? ತಾಯಿಯ ಹಾಲಿಗೆ ಪ್ರೋಟೀನು, ಸುಣ್ಣ, ರಂಜಕ ಸೇರಿಸುವ ಹೊತ್ತು ಬಂತೇ? ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಅದೇ ದಿನ ಉತ್ತರ ಹುಡುಕಿದರೆ ಮಾತ್ರ ತೂಗಿದ್ದು ಸಾರ್ಥಕ.

ಹಾಲಿನ ಲೆಕ್ಕ ಇನ್ನೂ ಸೂಕ್ಷ್ಮ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಜಾಣತನ ಕೂಸಿಗೆ ಬರುವುದು 34ನೆಯ ವಾರದ ಸುಮಾರಿಗೆ. ಅದಕ್ಕೂ ಮುಂಚಿನವಕ್ಕೆ ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆ, ಆಮೇಲೆ ಚಮಚೆ ಅಥವಾ ಒಳಲೆ. ನಮ್ಮ ಅಜ್ಜಿಯರ ಒಳಲೆ ಈಗ ಪಾಲಡೈ ಎಂಬ ತಮಿಳು ಹೆಸರು ಹೊತ್ತು, ಸ್ಟೀಲಿನ ಮೈ ತೊಟ್ಟು ನವಜಾತ ಘಟಕಗಳಲ್ಲಿ ಠಾಕುಠೀಕಾಗಿ ಕೂತಿದೆ. ಬಾಟಲಿಗೆ ಅಲ್ಲಿ ಪ್ರವೇಶವಿಲ್ಲ. ಸ್ಥಿರವಾಗಿರುವ ಒಂದೂಕಾಲು ಕಿಲೋದ ಕೂಸಿಗೆ ಮೊದಲ ದಿನ ಕಿಲೋಗೆ 60ರಿಂದ 80 ಮಿ.ಲೀ. ಎಂದಿಟ್ಟುಕೊಂಡು ಎರಡೆರಡು ತಾಸಿಗೆ ಹಂಚಿದರೆ, ಒಂದು ಸಲಕ್ಕೆ 6ರಿಂದ 8 ಮಿ.ಲೀ. ಅಷ್ಟೇ. ದಿನದಿನಕ್ಕೆ ಸ್ವಲ್ಪ ಏರಿಸುತ್ತ 150, 180ಕ್ಕೆ ಮುಟ್ಟಿಸುತ್ತಾರೆ. ಅವಸರ ಮಾಡಿದರೆ, ಅದರಲ್ಲೂ ತಾಯಿಯ ಹಾಲು ಬಿಟ್ಟು ಬೇರೆ ಹಾಲು ತುಂಬಿದರೆ, ಹಣ್ಣಾಗದ ಆ ಕರುಳು ಬಾತು ಕೊಳೆಯುವ ರೋಗ ಬರಬಹುದು. ಅದಕ್ಕೆ ಸಿಕ್ಕ ಕೂಸನ್ನು ಉಳಿಸಿಕೊಳ್ಳುವುದು ದೊಡ್ಡ ಆಸ್ಪತ್ರೆಗಳಿಗೂ ಕಷ್ಟ.

ಹೊರಗಿನವರಿಗೆ ಇದು ಜಿಪುಣತನದಂತೆ ಕಾಣುತ್ತದೆ. “ಇಷ್ಟ ಹಾಲಿಗಿ ಕೂಸು ಹ್ಯಾಂಗ ಬದುಕ್ತದ?” ಎಂದು ಅಜ್ಜಿ ಜಗಳಕ್ಕೇ ನಿಲ್ಲುತ್ತಾಳೆ. ಸೆರಗಿನ ಗಂಟಿನಲ್ಲಿ ಜೇನುತುಪ್ಪದ ಸಣ್ಣ ಶೀಶೆ ಇದ್ದರೂ ಇರಬಹುದು.

ಹುಮನಾಬಾದಿನಿಂದ ಒಂದು ತಾಸಿನೊಳಗೆ ಮುಟ್ಟಬಹುದಾದ ಬಸವಕಲ್ಯಾಣದಲ್ಲಿ ಒಂದು ಕತೆ ಇದೆ, ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಬಿದ್ದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಹೊತ್ತು ತಂದ. ಹೆಂಡತಿ ಲಕ್ಕಮ್ಮ ನೋಡಿದವಳೇ ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದಳು. ಅತಿಯಾಸೆ ಬೇಡ ಎಂಬ ಪಾಠವೆಂದೇ ಇದನ್ನು ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಹಿಡಿಸುವುದು ಬೇರೆ. ಆ ಮನೆಯ ಗಡಿಗೆಗೆ ದಿನಕ್ಕೆ ಎಷ್ಟು ಬೇಕು ಎಂಬುದು ಅವಳ ಕಣ್ಣಿಗೆ ಖಚಿತವಾಗಿ ಗೊತ್ತಿತ್ತು. ದಿನಾ ಅಳೆಯುವ ಕೈಗೆ ಮಾತ್ರ ಹೆಚ್ಚಾದದ್ದು ಹೆಚ್ಚು ಎಂದು ತಿಳಿಯುತ್ತದೆ, ಕಡಿಮೆಯಾದದ್ದೂ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣೆಯನ್ನು ಎಳೆದು ತಂದು ಶಿಶು ಘಟಕದ ಸಿಸ್ಟರ್ ಮಾಡುವ ಹಂಬಲ ನನಗಿಲ್ಲ. ಆದರೆ 8 ಮಿ.ಲೀ. ಸಾಕು, 10 ನಾಳೆಗೆ ಎಂದು ಅಜ್ಜಿಯ ಕಣ್ಣೀರಿನ ಎದುರಿಗೂ ಗಟ್ಟಿಯಾಗಿ ನಿಲ್ಲುವ ಹುಡುಗಿಯನ್ನು ಕಂಡಾಗ ಲಕ್ಕಮ್ಮನ ನೆನಪಾಗದೆ ಇರುವುದಿಲ್ಲ.

ಆ ಎಂಟು ಮಿ.ಲೀ. ಎಲ್ಲಿಂದ ಬರಬೇಕು? ಹಗಲು ರಾತ್ರಿ ಸೇರಿ ಎಂಟು ಹತ್ತು ಸಲ ತಾಯಿ ಕೂತು ಹಿಂಡಿ ಬಟ್ಟಲಿಗೆ ಇಳಿಸಬೇಕು. ಹೊಲಿಗೆ ಇನ್ನೂ ಹಸಿಯಾಗಿರುವಾಗ, ಕೂಸು ಮಡಿಲಲ್ಲಿಲ್ಲದಾಗ, ಮುಖ ನೋಡದೆ ಹಾಲು ಇಳಿಸುವುದು ಸಣ್ಣ ಮಾತಲ್ಲ. ಕೂಸಿನ ಪಟ್ಟಿಯಲ್ಲಿ ಪ್ರತಿ ಹನಿ ದಾಖಲಾಗುತ್ತದೆ. ಆ ಹನಿ ಹುಟ್ಟಿಸಿದವಳು ಬೆಳಗ್ಗೆ ಏನು ತಿಂದಳು ಎಂಬ ಕಾಲಮ್ಮು ಯಾವ ಪಟ್ಟಿಯಲ್ಲೂ ನನಗೆ ಕಂಡಿಲ್ಲ.

2011ರ ಜೂನ್ 1ರಂದು ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ದೊಡ್ಡ ಕೆಲಸವನ್ನೇ ಮಾಡಿದೆ. ಕಾಯಿಲೆಬಿದ್ದ ಕೂಸಿಗೆ ಔಷಧ, ರಕ್ತ, ತಪಾಸಣೆ, ಹೋಗಿಬರುವ ವಾಹನ ಎಲ್ಲ ಉಚಿತ. ಮನೆಗೆ ಬಿಟ್ಟುಬರಲು ನಗು–ಮಗು ಗಾಡಿ ಇದೆ. ಅದೇ ಯೋಜನೆಯಲ್ಲಿ ಬಾಣಂತಿಗೆ ಉಚಿತ ಊಟ ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ. ಹೆರಿಗೆಯ ಲೆಕ್ಕದಲ್ಲಿ ಇದು ಸರಿಯೇ. ಆದರೆ 1,200 ಗ್ರಾಮಿನ ಕೂಸು ಅಲ್ಲಿರುವುದು ವಾರಗಟ್ಟಲೆ. ನಾಲ್ಕನೆಯ ದಿನವೋ ಎಂಟನೆಯ ದಿನವೋ ಅವಳು ರೋಗಿಯೂ ಅಲ್ಲ, ಬಾಣಂತಿಯೂ ಅಲ್ಲ, ಕೂಸಿನ ಜೊತೆಗಿರುವ ಒಬ್ಬಳು ಹೆಂಗಸು ಮಾತ್ರ. ಅಡುಗೆಮನೆಯಿಂದ ಎರಡು ರೊಟ್ಟಿ ಹೆಚ್ಚು ಹಾಕಿಸುವ ಸಜ್ಜನರು ಇದ್ದಾರೆ, ಹಾಗೆ ಕೊಡುವ ಆಸ್ಪತ್ರೆಗಳೂ ಇವೆ. ಅದು ಅವರ ಒಳ್ಳೆಯತನ. ಒಳ್ಳೆಯತನಕ್ಕೆ ರಜೆ ಇರುತ್ತದೆ, ವರ್ಗಾವಣೆ ಇರುತ್ತದೆ.

ಮಾತೃಪೂರ್ಣ ಇದೆಯಲ್ಲ ಎನ್ನಬಹುದು. 2017ರ ಅಕ್ಟೋಬರ್ 2ರಂದು ಶುರುವಾದ ಆ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಕಡೆ ಬಾಣಂತಿ ಹೊಸಿಲು ದಾಟಿ ಅಂಗನವಾಡಿಗೆ ಹೋಗಿ ಉಣ್ಣುವುದುಂಟೇ? ಅಲ್ಲದೆ ಅವಳ ಹೆಸರು ಇರುವ ಅಂಗನವಾಡಿ ಹುಮನಾಬಾದಿನ ಹಳ್ಳಿಯಲ್ಲಿ, ಅವಳು ಕೂತಿರುವುದು ಬೀದರಿನ ಕಾರಿಡಾರಿನಲ್ಲಿ. ಊಟ ಅಲ್ಲಿ, ಹಸಿವು ಇಲ್ಲಿ. ಇನ್ನು ಮನೆಯಿಂದ ಬರುವ ಬುತ್ತಿಯಲ್ಲಿ ತಂಡಿ ಎಂದು ತರಕಾರಿ ಇರುವುದಿಲ್ಲ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನೀರಿಗೂ ಕಡಿವಾಣ. ಹಾಲು ಎಂಬುದು ನೀರಿನಿಂದಲೇ ಆಗುತ್ತದೆ ಎಂದು ಹೇಳುವವರಾರು.

ಹುಮನಾಬಾದ್ ಸಂತ ಮಾಣಿಕಪ್ರಭುಗಳ ನೆಲ. ಮಾಣಿಕನಗರಕ್ಕೆ ಯಾರು ಬಂದರೂ ಜಾತಿ, ಮತ ಕೇಳದೆ ಉಣಬಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದ ನಡೆದು ಬಂದಿದೆ. ದಾಸೋಹ ಎಂಬ ಮಾತು ಹುಟ್ಟಿ ಬೆಳೆದ ಕಲ್ಯಾಣವೂ ಇದೇ ಜಿಲ್ಲೆಯಲ್ಲಿ. ಅಂಥ ಸೀಮೆಯ ತಾಯಿ ಚಹಾ–ಖಾರಿಯ ಮೇಲೆ ದಿನ ತಳ್ಳುತ್ತಿದ್ದರೆ ಅದನ್ನು ಬಡತನ ಎಂದು ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬಾರದು. ಅನ್ನ ಇದೆ, ಕೊಡುವ ಕೈಗಳೂ ಇವೆ. ಅವಳು ಕೂತಿರುವ ಜಾಗ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ.

ಅವಳ ಊಟದ ಬಗ್ಗೆ ಇಷ್ಟು ಮಾತಾಡುವುದಕ್ಕೆ ಕರುಣೆಯೊಂದೇ ಕಾರಣವಲ್ಲ, ಲೆಕ್ಕವೂ ಇದೆ. ಅದು ಇರುವುದು ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆಗಿನ ಕಾಲದಲ್ಲಿ, ನಮ್ಮ ದೇಶದಲ್ಲಿ, ಅಷ್ಟು ಶಿಸ್ತಾಗಿ ಬರೆದದ್ದೇ ಅಪರೂಪ. ಬರೆದ ದಾದಿಯರಿಗೆ ಇದು ಮುಂದೆ ಯಾವ ಕೆಲಸಕ್ಕೆ ಬಂದೀತು ಎಂಬ ಸುಳಿವೂ ಇರಲಿಲ್ಲ. ಸುಮಾರು ಅರವತ್ತು ವರ್ಷದ ನಂತರ ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತವರ ಜೊತೆಗಾರರು ಮೈಸೂರಿನ ವೈದ್ಯರೊಂದಿಗೆ ಕೂಡಿ ಆ ಪುಸ್ತಕಗಳನ್ನು ಬಿಚ್ಚಿದರು, ಅದರಲ್ಲಿನ ಕೂಸುಗಳನ್ನು ಹುಡುಕಿಕೊಂಡು ಮನೆಮನೆಗೆ ಹೋದರು. ಕೂಸುಗಳು ಆಗ ನಡುವಯಸ್ಸಿನ ಗಂಡಸರು, ಹೆಂಗಸರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ದೊಡ್ಡ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 3. ಅತಿ ಹೆಚ್ಚು, ನೂರಕ್ಕೆ 20, ಕಂಡದ್ದು ತಾವೂ ಸಣ್ಣಗೆ ಹುಟ್ಟಿ, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ.

ಈ ಕೊನೆಯ ಸಾಲನ್ನು ಓದಿದಾಗಲೆಲ್ಲ ಆ ದಾದಿಯರ ಬಗ್ಗೆ ಗೌರವ ಹೆಚ್ಚುತ್ತದೆ. ಅವರು ತಾಯಿಯನ್ನೂ ತೂಗಿದ್ದರು! ಅವರು ತಾಯಿಯ ತೂಕವನ್ನೂ ಬರೆದಿಡದೆ ಹೋಗಿದ್ದರೆ ಕೂಸಿನ ಅಂಕಿಗೆ ಅರ್ಧ ಅರ್ಥವೇ ಉಳಿಯುತ್ತಿತ್ತು. ಇವತ್ತು ಗರ್ಭಿಣಿಯ ತೂಕ ತಾಯಿ ಕಾರ್ಡಿನಲ್ಲಿ ಇರುತ್ತದೆ, ಹೆರಿಗೆಯಾದ ಕೂಡಲೇ ಆ ಕಾರ್ಡು ಮಡಿಚಿಕೊಳ್ಳುತ್ತದೆ. ಹಾಲುಣಿಸುವ ನಾಲ್ಕು ವಾರದಲ್ಲಿ ಅವಳು ಎಷ್ಟು ಇಳಿದಳು ಎಂಬುದನ್ನು ಅವಳ ಬಳೆ ಮಾತ್ರ ಬಲ್ಲದು. ಮೈಸೂರಿನ ಪಾಠಕ್ಕೆ ಇನ್ನೊಂದು ಮಗ್ಗುಲಿದೆ. ಪುಣೆಯ ಡಾ. ಯಾಜ್ಞಿಕ್ ತೋರಿಸಿದಂತೆ ನಮ್ಮ ಕೂಸುಗಳು ತೂಕದಲ್ಲಿ ಸಣ್ಣವಾದರೂ ಮೈಯಲ್ಲಿ ಕೊಬ್ಬು ಉಳಿಸಿಕೊಂಡೇ ಹುಟ್ಟುತ್ತವೆ. ಮನೆಗೆ ಬಂದ ಮೇಲೆ ಡಬ್ಬಿ ಹಾಲು ಸುರಿದು ದುಂಡಗೆ ಮಾಡಿ ‘ಈಗ ನೋಡ್ರಿ ಹ್ಯಾಂಗ ಆಗ್ಯಾನ’ ಎಂದು ಮೆರೆಸುವುದೂ ತಕ್ಕಡಿಯನ್ನು ತಪ್ಪಾಗಿ ಓದಿದಂತೆಯೇ. ಬೆಳೆಯಬೇಕಾದದ್ದು ಎಲುಬು, ಮಾಂಸಖಂಡ, ಮಿದುಳು. ಉದ್ದದ ಹಲಗೆ, ತಲೆಯ ಟೇಪು ತಕ್ಕಡಿಯ ಪಕ್ಕದಲ್ಲೇ ಇರಬೇಕಾದ್ದು ಅದಕ್ಕೆ.

ಬ್ಯೂದಾಂ ಹೇಳಿ ಮರೆತುಹೋಗಿದ್ದ ಎರಡನೆಯ ಮಾತು ಮರಳಿ ಕೇಳಿಸಿದ್ದು ಕೊಲಂಬಿಯಾದಿಂದ. 1978ರಲ್ಲಿ ಬೊಗೊಟಾದ ಒಂದು ಬಡವರ ಹೆರಿಗೆ ಆಸ್ಪತ್ರೆಯಲ್ಲಿ ಕಾವುಪೆಟ್ಟಿಗೆಗಳು ಸಾಲದಾದಾಗ ಡಾ. ಎಡ್ಗರ್ ರೇ, ಆಮೇಲೆ ಅವರೊಂದಿಗೆ ಡಾ. ಹೆಕ್ಟರ್ ಮಾರ್ಟಿನೆಜ್, ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಚರ್ಮಕ್ಕೆ ಚರ್ಮ, ಹಗಲೂ ರಾತ್ರಿ. ಈಗ ಕಾಂಗರೂ ಆರೈಕೆ ಎಂದು ಎಲ್ಲರೂ ಕರೆಯುವುದು ಇದನ್ನೇ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ಫಲ 2021ರಲ್ಲಿ ಹೊರಬಂತು. ಕೂಸು ಸ್ಥಿರವಾಗಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡರೆ ಸಾವು ಕಾಲುಭಾಗದಷ್ಟು ಕಡಿಮೆ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆ, ಮನೆಯವರು ಎಲ್ಲರನ್ನೂ ಕೂಡಿಸಿ ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯೋಗ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಜೊತೆಗೂಡಿ ನಡೆದಿದೆ. ಯಾವುದೋ ದೇಶದ್ದು, ನಮ್ಮವರಿಗೆ ಒಗ್ಗದು ಎಂಬ ಮಾತಿಗೆ ಇನ್ನು ಜಾಗವಿಲ್ಲ.

ಎದೆಗೆ ಹಾಕಿಕೊಂಡ ಕೂಸು ಮೈ ಕಾಯಿಸಿಕೊಳ್ಳಲು ಹಾಲು ಖರ್ಚು ಮಾಡುವುದಿಲ್ಲ, ಆ ಹಾಲು ಮೈಗೆ ಹತ್ತುತ್ತದೆ, ತಕ್ಕಡಿ ಏರುತ್ತದೆ. ಇದಕ್ಕೆ ತಾಯಿಯ ಎದೆಯೇ ಆಗಬೇಕೆಂದಿಲ್ಲ. ಅಜ್ಜಿಯದ್ದೂ ಬೆಚ್ಚಗಿರುತ್ತದೆ, ಅಪ್ಪನದ್ದೂ. ಆದರೆ ಅಪ್ಪ ಎಲ್ಲಿದ್ದಾನೆ? ಹೈದರಾಬಾದಿನ ಕಟ್ಟಡದ ಮೇಲೋ, ಕಬ್ಬಿನ ಗದ್ದೆಯಲ್ಲೋ ಅವನ ದಿನಗೂಲಿ ನಡೆಯುತ್ತಿದೆ. ಬಂದಿದ್ದರೂ ಗೇಟಿನ ಹೊರಗೆ, ಔಷಧದ ಚೀಟಿ ಹಿಡಿದು ಓಡಾಡುವ ಕೆಲಸಕ್ಕೆ. ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಎರಡು ತಾಸು ಸುಮ್ಮನೆ ಕೂಡು ಎಂದರೆ ನಾಚುತ್ತಾನೆ, ಅವನಿಗಿಂತ ಹೆಚ್ಚು ಅವನ ತಾಯಿ ನಾಚುತ್ತಾಳೆ. ಗಂಡಸು ಕೂತರೆ ಮಾತ್ರ ಆ ಎರಡು ತಾಸು ಬಾಣಂತಿ ಮಲಗಬಹುದು. ಅದನ್ನು ಪುಣ್ಯ ಎಂದು ಹೊಗಳುವುದೂ ನನಗೆ ಒಪ್ಪಿಗೆಯಿಲ್ಲ, ಅದು ಅವನ ಪಾಲಿನ ಕೆಲಸ.

ಮನೆಗೆ ಹೋದ ಮೇಲೆ ತಕ್ಕಡಿ ಬೇರೆಯವರ ಕೈಗೆ ಬರುತ್ತದೆ. ಆಶಾ ಕಾರ್ಯಕರ್ತೆ 42 ದಿನದೊಳಗೆ ಸರದಿಯಲ್ಲಿ ಬರಬೇಕು, ಜೋಳಿಗೆಯಂಥ ತಕ್ಕಡಿಯಲ್ಲಿ ತೂಗಬೇಕು. ಗಡ್ಚಿರೋಲಿಯ ಹಳ್ಳಿಗಳಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಕಲಿಸಿ ಮಾಡಿ ತೋರಿಸಿದ ಕ್ರಮ ಇದು, 2011ರಲ್ಲಿ ದೇಶದ ಕಾರ್ಯಕ್ರಮವಾಯಿತು. ಬಾಗಿಲಲ್ಲಿ ಅವಳಿಗೆ ಎದುರಾಗುವ ಮೊದಲ ಆಕ್ಷೇಪ ದೃಷ್ಟಿ. ಕೂಸನ್ನು ತೂಗಿದರೆ ನೆದರಾಗುತ್ತದೆ, ಅದರಲ್ಲೂ ಅಂಕಿಯನ್ನು ಬಾಯಿಬಿಟ್ಟು ಹೇಳಬಾರದು. ಈ ಭಯವನ್ನು ನಾನು ಮೂಢನಂಬಿಕೆ ಎಂದು ತಳ್ಳಿಬಿಡಲಾರೆ. ಇಂಥವಳ ಕೂಸು ಎರಡು ಕಿಲೋ ಆಯಿತು, ನಿನ್ನದು ಯಾಕಿಲ್ಲ ಎಂಬ ಮಾತು ಓಣಿಯಲ್ಲಿ ಹುಟ್ಟುವುದು ಅಂಕಿ ಹೊರಗೆ ಬಂದಾಗಲೇ. ಕಿವಿಯಲ್ಲಿ ತಾಯಿಗೊಬ್ಬಳಿಗೇ ಹೇಳಿ, ಕಾರ್ಡಿನಲ್ಲಿ ಬರೆದು ಹೋಗುವ ಆಶಾ ಜಾಣೆ.

ಅಂಗನವಾಡಿಯಲ್ಲಿ ಇನ್ನೊಂದು ಅನ್ಯಾಯ ಸದ್ದಿಲ್ಲದೆ ನಡೆಯುತ್ತದೆ. ಜನವರಿಗೆ ಹುಟ್ಟಬೇಕಾದ ಕೂಸು ನವೆಂಬರಿನಲ್ಲಿ ಹುಟ್ಟಿತು ಎನ್ನಿ. ಜೂನಿನಲ್ಲಿ ಅದಕ್ಕೆ ಏಳು ತಿಂಗಳು ಎಂದು ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಇಟ್ಟರೆ ಗೆರೆಯ ಕೆಳಗೆ ಬೀಳುತ್ತದೆ, ಅಪೌಷ್ಟಿಕ ಎಂಬ ಹಣೆಪಟ್ಟಿ ಸಿಗುತ್ತದೆ. ಬೆಳವಣಿಗೆಯ ಲೆಕ್ಕದಲ್ಲಿ ಅದಕ್ಕೆ ಐದೇ ತಿಂಗಳು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸುವ ಈ ತಿದ್ದಿದ ವಯಸ್ಸನ್ನು ಎರಡು ವರ್ಷ ತುಂಬುವವರೆಗೂ ಬಳಸಬೇಕೆಂದು ಮಕ್ಕಳ ವೈದ್ಯರೆಲ್ಲ ಹೇಳುತ್ತಾರೆ. ಆಸ್ಪತ್ರೆಯೊಳಗೆ ಮುಂಚೆ ಹುಟ್ಟಿದವಕ್ಕೆಂದೇ ಮಾಡಿದ ಫೆಂಟನ್ ಪಟ್ಟಿ ಇದೆ, ನಾಗಪುರದ ಕೂಸುಗಳನ್ನೂ ಸೇರಿಸಿ ಎಂಟು ದೇಶಗಳಲ್ಲಿ ಅಳೆದು ಮಾಡಿದ ಇಂಟರ್‌ಗ್ರೋತ್ ಪಟ್ಟಿ ಇದೆ, ಅಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಊರಿನ ರಿಜಿಸ್ಟರಿನಲ್ಲಿ. ಹುಟ್ಟಿದ ತಾರೀಖಿನ ಕೆಳಗೆ ಹುಟ್ಟಬೇಕಾಗಿದ್ದ ತಾರೀಖನ್ನೂ ಒಂದು ಸಾಲು ಬರೆದರೆ ಮುಗಿಯಿತು. ಒಂದು ಸಾಲಿನ ಶಾಯಿ ಉಳಿಸಿ ಒಬ್ಬ ತಾಯಿಯನ್ನು ಎರಡು ವರ್ಷ ತಪ್ಪಿತಸ್ಥಳನ್ನಾಗಿ ನಿಲ್ಲಿಸುತ್ತೇವೆ.

ಕಣ್ಣಿನ ವಿಷಯ ಬಿಟ್ಟರೆ ಈ ಲೆಕ್ಕ ಪೂರ್ತಿಯಾಗದು. ಮುಂಚೆ ಹುಟ್ಟಿದ ಕೂಸಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗಿಸುವ ಕಾಯಿಲೆ ಒಂದಿದೆ. ಆಮ್ಲಜನಕ ಹೆಚ್ಚಾದರೆ ಬರುತ್ತದೆ ಎಂಬುದು ಹಳೆಯ ತಿಳಿವಳಿಕೆ. ಮೊದಲ ವಾರಗಳಲ್ಲಿ ತೂಕ ಸರಿಯಾಗಿ ಏರದ ಕೂಸಿಗೆ ಅಪಾಯ ಇನ್ನೂ ಹೆಚ್ಚು ಎಂದು ಸ್ವೀಡನ್ನಿನ ವೈದ್ಯರು ತೋರಿಸಿ ಈಗ ಎರಡು ದಶಕವಾಗುತ್ತ ಬಂತು. ನಮ್ಮಲ್ಲಿ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಪ್ರತಿ ಕೂಸಿನ ಕಣ್ಣನ್ನು 30 ದಿನದೊಳಗೆ ನೋಡಿಸಬೇಕು. 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಯ ಘಟಕಗಳಿಗೇ ಹೋಗುತ್ತಿದೆ, ಚಿತ್ರವನ್ನು ತಜ್ಞರು ದೂರದಿಂದಲೇ ಓದುತ್ತಾರೆ. ಹೊತ್ತಿಗೆ ಸರಿಯಾಗಿ ಲೇಸರ್ ಹಾಕಿದರೆ ದೃಷ್ಟಿ ಉಳಿಯುತ್ತದೆ, ಕೆಲವೇ ದಿನ ತಡವಾದರೂ ಕೈತಪ್ಪಬಹುದು. ಎಷ್ಟೋ ಕೂಸುಗಳು ಆ ದಿನದ ಹೊತ್ತಿಗೆ ಮನೆ ಸೇರಿರುತ್ತವೆ. ಚೆನ್ನಾಗಿ ಕುಡಿಯುತ್ತಿದೆ, ತೂಕ ಏರುತ್ತಿದೆ, ಇನ್ಯಾಕೆ ಮತ್ತೆ ಬೀದರಿಗೆ ಎಂದು ಮನೆಯವರು ಕೇಳುವುದು ಆಗಲೇ. ತಾರೀಖನ್ನು ಬಿಡುಗಡೆ ಚೀಟಿಯ ಮೂಲೆಯಲ್ಲಿ ಬರೆದರೆ ಸಾಲದು. ಆ ದಿನ ಯಾರು ಕರೆತರುತ್ತಾರೆ, ಬಸ್ಸಿಗೋ ರೈಲಿಗೋ, ಹೋದ ಕೂಲಿಯನ್ನು ಮನೆಯಲ್ಲಿ ಹೇಗೆ ತುಂಬಿಕೊಳ್ಳುತ್ತಾರೆ, ಊರಿನ ಆಶಾಳ ಫೋನ್ ನಂಬರು ಏನು, ಇದನ್ನೆಲ್ಲ ಕೂಸನ್ನು ಕಳಿಸುವ ಮೊದಲೇ ಅಪ್ಪ, ಅಜ್ಜಿ ಇಬ್ಬರನ್ನೂ ಕೂಡಿಸಿಕೊಂಡು ಮಾತಾಡಬೇಕು. ಹತ್ತು ನಿಮಿಷದ ಮಾತು. ಅದು ಯಾರ ಕೆಲಸ ಎಂಬುದು ಮಾತ್ರ ಯಾವ ನಮೂನೆಯಲ್ಲೂ ಬರೆದಿಲ್ಲ.